ಅರ್ಜಿಯಿಂದ ಅಕ್ಷರಕ್ಕೆ

ಕುಷ್ಟಗಿ ತಾಲ್ಲೂಕಿನ ಒಂದು ಊರಿನಲ್ಲಿ, ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ, ವಾರಕ್ಕೊಮ್ಮೆ ಸಮುದಾಯ ಭವನದಲ್ಲಿ ಸೇರುವ ಮಹಿಳಾ ಸಂಘವೊಂದಿದೆ. ಅದರ ಸದಸ್ಯೆಯರಲ್ಲಿ ಹೆಚ್ಚಿನವರು ಕೂಲಿಕಾರರು. ದಲಿತ ಕೇರಿಯವರು, ಕುರುಬರ ಮತ್ತು ನಾಯಕರ ಓಣಿಯವರು, ತಾಂಡಾದ ಲಂಬಾಣಿ ಹೆಣ್ಣುಮಕ್ಕಳು, ಕೆಲವು ಮುಸ್ಲಿಂ ಮನೆಗಳವರು ಅಲ್ಲಿ ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ಕೊಪ್ಪಳ ಜಿಲ್ಲೆಯಲ್ಲೇ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ನಾನು ಹಲವು ವರ್ಷಗಳಿಂದ ಆ ಕೂಟಗಳಿಗೆ ಹೋಗುತ್ತಾ ಬಂದಿದ್ದೇನೆ. ಅದು ಓದು ಬರಹ ಕಲಿಸುವ ಸಂಘವೋ, ಹಕ್ಕಿಗಾಗಿ ಹೋರಾಡುವ ಸಂಘವೋ ಎಂದು ಪಟ್ಟಣದ ಗೆಳತಿಯರು ನನ್ನನ್ನು ಕೇಳುವುದುಂಟು. ಆ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಕಂಡ ಮಟ್ಟಿಗೆ, ಆ ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಬಂದದ್ದು ಅರ್ಜಿಯ ಮೂಲಕ. ಅರ್ಜಿ ಬರೆಯಬೇಕಾದ ಸಂಕಟ ಇಲ್ಲದಿದ್ದರೆ ಅವರು ಕಲಿಯುತ್ತಿರಲಿಲ್ಲ, ಕಲಿಯದಿದ್ದರೆ ಅರ್ಜಿಯ ಬೆನ್ನು ಹತ್ತುತ್ತಲೂ ಇರಲಿಲ್ಲ.

ಈ ಸೀಮೆಯ ಹಿನ್ನೆಲೆಯನ್ನು ಒಂದಿಷ್ಟು ಹೇಳಬೇಕು. ಕೊಪ್ಪಳವೂ ರಾಯಚೂರೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ ಕನ್ನಡ ಮನೆಗಳ ಗಂಡುಮಕ್ಕಳಿಗೇ ಶಾಲೆ ದೂರದ ಮಾತಾಗಿತ್ತು, ಹೆಣ್ಣುಮಕ್ಕಳ ವಿಷಯವನ್ನು ಕೇಳುವುದೇ ಬೇಡ. ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯ ದಾರಿ ಬೇರೆಯಾಗಿತ್ತು, ಆದರೂ ಅಲ್ಲಿನ ಹಳ್ಳಿಯ ಹೆಣ್ಣುಮಕ್ಕಳ ಪಾಡು ಹೆಚ್ಚು ಭಿನ್ನವಾಗಿರಲಿಲ್ಲ. 2011ರ ಜನಗಣತಿಯ ಹೊತ್ತಿಗೂ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68ರಷ್ಟಿದ್ದರೆ ಕೊಪ್ಪಳ ಮತ್ತು ಬಳ್ಳಾರಿಗಳಲ್ಲಿ ಶೇ. 58ರ ಆಸುಪಾಸಿನಲ್ಲಿತ್ತು, ರಾಯಚೂರಿನಲ್ಲಿ ಶೇ. 49ನ್ನು ಮುಟ್ಟಿರಲಿಲ್ಲ. ಅಂದರೆ ಅಶೋಕನ ಕಾಲದಲ್ಲೇ ಕಲ್ಲಿನ ಮೇಲೆ ರಾಜಾಜ್ಞೆ ಕೊರೆಸಿಕೊಂಡ ಮಸ್ಕಿಯ ಜಿಲ್ಲೆಯಲ್ಲಿ, ಎರಡು ಸಾವಿರ ವರ್ಷಗಳು ಕಳೆದ ಮೇಲೂ, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ತಮ್ಮ ಹೆಸರಿನ ಪಡಿತರ ಚೀಟಿ ಓದಲು ಬರುತ್ತಿರಲಿಲ್ಲ.

ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಿತು, ಆಂದೋಲನದ ದಿನಗಳಲ್ಲಿ ಬೀದಿ ನಾಟಕ, ಹಾಡು, ಜಾಥಾಗಳಿಂದ ಊರೂರು ಎಚ್ಚೆತ್ತಿದ್ದವು. 2009ರಲ್ಲಿ ಸಾಕ್ಷರ ಭಾರತ ಬಂದಿತು. ಆ ಕೆಲಸದಲ್ಲಿ ತೊಡಗಿದ್ದ ಸ್ವಯಂಸೇವಕರ ಶ್ರದ್ಧೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ದಿನವಿಡೀ ಶೇಂಗಾ ಕಿತ್ತು ಬೆನ್ನು ಬಾಗಿದ ಹೆಂಗಸು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕೂತು ‘ರ ಗ ಸ ದ’ ತಿದ್ದುವಾಗ, ಅದರಿಂದ ನಾಳೆ ಬೆಳಿಗ್ಗೆ ತನ್ನ ಬದುಕಿನಲ್ಲಿ ಏನು ಬದಲಾಗುತ್ತದೆ ಎಂಬುದು ಅವಳಿಗೆ ಕಾಣಬೇಕು. ಅದು ಕಾಣದೆ ಹೋದಲ್ಲೆಲ್ಲ ಹೆಸರು ಬರೆಯಲು ಬಂದ ಮೇಲೆ ತರಗತಿ ನಿಂತಿತು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲಿತ ಅಕ್ಷರಗಳೂ ಮರೆತುಹೋದವು.

ಬೇರೊಂದು ದಾರಿಯನ್ನು ತೋರಿಸಿದ್ದು ಮಹಿಳಾ ಸಮಖ್ಯಾ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1988ರಲ್ಲಿ ಹುಟ್ಟಿದ ಈ ಕಾರ್ಯಕ್ರಮವನ್ನು ಮೊದಲು ಜಾರಿಗೆ ತಂದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು ನಮ್ಮ ರಾಯಚೂರು ಕೊಪ್ಪಳ ಸೀಮೆಗೂ ಬಂದಿತು. ಅದರಲ್ಲಿ ಸಾಲವಿರಲಿಲ್ಲ, ಸಹಾಯಧನವಿರಲಿಲ್ಲ, ಹಂಚಲು ಹೊಲಿಗೆ ಯಂತ್ರವೂ ಇರಲಿಲ್ಲ. ಸುಮಾರು ಹತ್ತು ಊರುಗಳಿಗೆ ಒಬ್ಬ ಸಹಯೋಗಿನಿ ಬಂದು ಹೆಣ್ಣುಮಕ್ಕಳ ಜೊತೆ ಕೂತು ಮಾತಾಡುತ್ತಿದ್ದಳು. ಏನನ್ನು ಕಲಿಯಬೇಕು, ಯಾವ ತೊಂದರೆಯನ್ನು ಮೊದಲು ಹಿಡಿಯಬೇಕು, ಎಷ್ಟು ವೇಗವಾಗಿ ನಡೆಯಬೇಕು ಎಂಬುದನ್ನು ಸಂಘವೇ ತೀರ್ಮಾನಿಸಬೇಕಿತ್ತು. ಏನೂ ಕೊಡದ ಸಂಘಕ್ಕೆ ಯಾರು ಬರುತ್ತಾರೆ ಎಂದು ಊರ ಗಂಡಸರು ಕೇಳುತ್ತಿದ್ದರಂತೆ. ಹೆಣ್ಣುಮಕ್ಕಳು ಬಂದರು, ಏಕೆಂದರೆ ಅವರ ಮಾತನ್ನು ಮಾತಾಗಿ ಕೇಳಿಸಿಕೊಳ್ಳುವ ಜಾಗ ಊರಿನಲ್ಲಿ ಬೇರೆ ಇರಲಿಲ್ಲ. 2016ರಲ್ಲಿ ಕೇಂದ್ರದ ನೆರವು ನಿಂತಾಗ ಕಾರ್ಯಕ್ರಮ ಬಡವಾಯಿತು, ಕಚೇರಿಗಳು ಮುಚ್ಚಿದವು. ನಾನು ಹೇಳುತ್ತಿರುವ ಸಂಘ ನೇರವಾಗಿ ಅದರ ಕೂಸಲ್ಲ, ಆದರೆ ಅದರ ಹಿರಿಯ ಸದಸ್ಯೆಯರಲ್ಲಿ ಕೆಲವರು ತವರೂರಿನ ಸಂಘಗಳಲ್ಲಿ ಆ ಕೂಟಗಳ ರೀತಿಯನ್ನು ಕಂಡು ಬಂದವರು. ಯಾರೂ ಮುಂದೆ ಎತ್ತರದಲ್ಲಿ ಕೂರದೆ ಎಲ್ಲರೂ ಸುತ್ತಾಗಿ ಕೂರುವ ಪದ್ಧತಿಯನ್ನು ತಂದವರು ಅವರೇ.

ಓದು ಆರಂಭವಾದದ್ದು ಉದ್ಯೋಗ ಖಾತರಿಯಿಂದ. 2005ರ ಕಾಯ್ದೆಯ ಪ್ರಕಾರ ಗ್ರಾಮೀಣ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೇಳುವ ಹಕ್ಕಿತ್ತು. ಕೆಲಸ ಕೇಳಲು ಪಂಚಾಯಿತಿಗೆ ನಮೂನೆ 6ನ್ನು ತುಂಬಿ ಕೊಡಬೇಕಿತ್ತು, ಕೊಟ್ಟ 15 ದಿನಗಳೊಳಗೆ ಕೆಲಸ ಸಿಗಬೇಕಿತ್ತು, ಸಿಗದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕಿತ್ತು. ಮಳೆ ಕೈಕೊಟ್ಟ ವರ್ಷ ಮಂಗಳೂರು, ಬೆಂಗಳೂರು, ಗೋವಾ ಎಂದು ಗುಳೆ ಹೋಗುವ, ಇಲ್ಲವೇ ಟೆಂಪೊ ಹತ್ತಿ ಕಾರಟಗಿ, ಸಿಂಧನೂರು ಕಡೆಯ ನೀರಾವರಿ ಗದ್ದೆಗಳಿಗೆ ನಾಟಿ ಮಾಡಲು ಹೋಗುವ ಈ ಒಣ ಸೀಮೆಯ ಹೆಣ್ಣುಮಕ್ಕಳಿಗೆ ಊರಿನಲ್ಲೇ ಕೆಲಸವೆಂಬುದು ಎಷ್ಟು ದೊಡ್ಡ ಮಾತೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅವರು ಹೋಗಿ ಬಾಯಿಮಾತಿನಲ್ಲಿ ಕೇಳಿದರು. ನಾಳೆ ಬನ್ನಿ, ಮುಂದಿನ ವಾರ ಬನ್ನಿ ಎಂಬ ಉತ್ತರ ಬಂದಿತು. ನಮೂನೆ ತುಂಬಿಸಿ ಕೊಟ್ಟರು. ಕೆಲಸವೂ ಬರಲಿಲ್ಲ, ಭತ್ಯೆಯೂ ಬರಲಿಲ್ಲ. ಯಾವಾಗ ಕೊಟ್ಟಿರಿ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಹದಿನೈದು ದಿನವನ್ನು ಎಲ್ಲಿಂದ ಎಣಿಸಬೇಕು ಎಂಬ ಪ್ರಶ್ನೆ ಎದ್ದದ್ದು ಆಗ. ದಿನಾಂಕ ಹಾಕಿ ಸಹಿ ಮಾಡಿದ ಸ್ವೀಕೃತಿ ಕೈಯಲ್ಲಿದ್ದರೆ ಮಾತ್ರ ಎಣಿಕೆ ಶುರುವಾಗುತ್ತದೆ ಎಂಬುದನ್ನು ಕೂಲಿಕಾರರ ಸಂಘಟನೆಯ ಕಾರ್ಯಕರ್ತೆಯೊಬ್ಬರು ಬಂದು ವಿವರಿಸಿದರು. ಆ ರಾತ್ರಿಯ ಕೂಟದಲ್ಲಿ ಮೊದಲ ಪಾಠ ದಿನಾಂಕದ್ದಾಯಿತು. ದಿನ, ತಿಂಗಳು, ವರ್ಷ ಎಂಬ ಮೂರು ಮನೆಗಳಲ್ಲಿ ಅಂಕಿಗಳನ್ನು ಓದುವುದು, ಸ್ವೀಕೃತಿಯಲ್ಲಿ ಇವತ್ತಿನ ದಿನಾಂಕವೇ ಇದೆಯೇ ಎಂದು ನೋಡುವುದು, ಮೊಹರು ಬಿದ್ದಿದೆಯೇ ಎಂದು ನೋಡುವುದು. ಆಮೇಲೆ ತಮ್ಮ ಹೆಸರು, ಜಾಬ್ ಕಾರ್ಡಿನ ಸಂಖ್ಯೆ, ಊರಿನ ಮತ್ತು ಪಂಚಾಯಿತಿಯ ಹೆಸರು. ಅಕಾರಾದಿ ಕ್ರಮದಲ್ಲಿ ಅಕ್ಷರ ಕಲಿಸುತ್ತಾ ಬಂದ ನನಗೆ ಈ ಕ್ರಮ ಹೊಸದಾಗಿತ್ತು. ‘ಇವರಿಂದ’, ‘ಇವರಿಗೆ’, ‘ವಿಷಯ’, ‘ಮಾನ್ಯರೇ’ ಎಂಬ ನಾಲ್ಕು ಪದಗಳ ಆಕಾರವನ್ನು ಅವರು ಬಿಡಿ ಅಕ್ಷರಗಳಿಗಿಂತ ಮೊದಲು ಗುರುತಿಸಿದರು, ಆ ಪದಗಳನ್ನು ಒಡೆದು ಅಕ್ಷರಗಳನ್ನು ಆರಿಸಿಕೊಂಡರು. ‘ವಿಷಯ’ದ ಮುಂದೆ ಒಂದು ಸಾಲು ಬರೆಯಬೇಕೆಂದಾಗ, ನಮಗೆ ಬೇಕಾದದ್ದು ಏನು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಬೇಕಾಗುತ್ತದೆ. ಅದಕ್ಕಾಗಿ ನಡೆದ ಚರ್ಚೆಗಳಷ್ಟು ಗಂಭೀರವಾದ ಬರವಣಿಗೆಯ ತರಬೇತಿಯನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ.

ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು, ಗಂಡನ ಮನೆಗೆ ಬಂದ ದಿನದಿಂದ ಎಲ್ಲ ಕಾಗದಕ್ಕೂ ಹೆಬ್ಬಟ್ಟು ಒತ್ತಿದವರು, ಒಮ್ಮೆ ನನಗೆ ಹೇಳಿದರು: “ಅಕ್ಕಾರ, ಬಾಯಿಮಾತು ಗಾಳಿಗೆ ಹೋಕ್ಕಾವ್ರಿ. ರಸೀದಿ ಅಂದ್ರ ಸಂದೂಕದಾಗ ಕುಂದ್ರತೈತಿ.” ಸಂಘದ ಸಂದೂಕವೆಂದರೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ವರ್ಷವಾರು ಕಟ್ಟಿಟ್ಟ ಸ್ವೀಕೃತಿಗಳು, ಅರ್ಜಿಗಳ ಪ್ರತಿಗಳು, ಮಾಹಿತಿ ಹಕ್ಕಿನಡಿ ಪಡೆದ ಉತ್ತರಗಳು ಇವೆ. ಸ್ವೀಕೃತಿ ಕೊಡಲು ಗುಮಾಸ್ತರು ಹಿಂಜರಿದಾಗ ಹೆಣ್ಣುಮಕ್ಕಳು ಜಗಳವಾಡಲಿಲ್ಲ. “ಆತ್ರಿ, ಕೊಡಾಂಗಿಲ್ಲ ಅಂತ ಅದನ್ನs ಬರದ್ ಕೊಡ್ರಿ” ಎಂದು ಕೇಳಿ ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಸ್ವೀಕೃತಿ ಬಂದಿತು.

ಕೆಲಸ ಬಂದ ಮೇಲೆ ಲೆಕ್ಕದ ಪಾಠ ಬೇಕಾಯಿತು. ಬದು ಮತ್ತು ಕೃಷಿ ಹೊಂಡದ ಕೆಲಸದಲ್ಲಿ ತೋಡಿದ ಮಣ್ಣಿನ ಅಳತೆಯ ಮೇಲೆ ಕೂಲಿ ನಿಗದಿಯಾಗುತ್ತದೆ. ದಿನವಿಡೀ ದುಡಿದೂ ಪೂರ್ತಿ ಕೂಲಿ ಬಾರದೆ ಹೋದಾಗ, ಎಂಜಿನಿಯರು ಬರೆದುಕೊಂಡ ಅಳತೆ ಸರಿಯೇ ಎಂದು ನೋಡಲು ಉದ್ದ, ಅಗಲ, ಆಳ ಗುಣಿಸಬೇಕು. ಮೊಳ ಮತ್ತು ಗೇಣಿನಲ್ಲಿ ಅಳೆಯಬಲ್ಲ ಇವರು ಮೀಟರಿನ ಪಟ್ಟಿಯನ್ನು ಕೊಂಡು ತಂದರು, ಘನ ಮೀಟರ್ ಎಂದರೆ ಎಷ್ಟು ಮಣ್ಣೆಂಬುದನ್ನು ನೆಲದ ಮೇಲೆ ಗೆರೆ ಎಳೆದು ಕಂಡುಕೊಂಡರು. ಕಪ್ಪು ಎರೆ ನೆಲವನ್ನೂ ಮಸಾರಿ ನೆಲವನ್ನೂ ತೋಡುವ ಶ್ರಮ ಒಂದೇ ಅಲ್ಲವೆಂದು ವಾದಿಸಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ, ಅದನ್ನು ಬರೆದು ಕೊಡಲು ಮಾತ್ರ ಕಲಿಯಬೇಕಿತ್ತು. ಅವರಲ್ಲಿ ಇಬ್ಬರು ಕಾಯಕ ಬಂಧುಗಳಾದರು, ಅಂದರೆ ಕೂಲಿಕಾರರ ಗುಂಪಿನ ಮೇಲ್ವಿಚಾರಣೆ ನೋಡುವವರು. ಹಾಜರಿ ಬರೆಯುವ ಕೆಲಸದ ತನಕ ಬಂದ ಮೇಲೆ, ಓದು ಬರಹ ತಮಗೆ ಆಗದ ಕೆಲಸವೆಂದು ಸಂಘದಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟರ ನಡುವೆ ಸಂಘವೆಂಬುದರ ಸ್ವರೂಪವೇ ಈ ಭಾಗದಲ್ಲಿ ಬದಲಾಗುತ್ತಾ ಬಂದದ್ದನ್ನು ಹೇಳದೆ ಇರಲಾರೆ. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು ಉಳಿತಾಯದ ಗುಂಪುಗಳು ಊರೂರಿನಲ್ಲಿ ಹುಟ್ಟಿದವು. ಹತ್ತಿಪ್ಪತ್ತು ರೂಪಾಯಿ ಕೂಡಿಟ್ಟು ಕಷ್ಟಕಾಲಕ್ಕೆ ಎತ್ತಿಕೊಳ್ಳುವ ಅನುಕೂಲ ಸಣ್ಣದಲ್ಲ. ಸಾಹುಕಾರನ ಮನೆಯ ಮೆಟ್ಟಿಲು ಹತ್ತುವುದನ್ನು ಅದು ಎಷ್ಟೋ ಮನೆಗಳಿಗೆ ತಪ್ಪಿಸಿದೆ. ಆದರೆ ಕೂಟದ ಹೊತ್ತೆಲ್ಲ ಕಂತು ಎಣಿಸುವುದಕ್ಕೇ ಮೀಸಲಾದಾಗ, ಒಬ್ಬಳ ಮೈಮೇಲಿನ ಬಾಸುಂಡೆಯ ಬಗ್ಗೆ ಮಾತಾಡಲು, ಶಾಲೆ ಬಿಟ್ಟ ಹುಡುಗಿಯ ಬಗ್ಗೆ ಕೇಳಲು ಹೊತ್ತು ಉಳಿಯಲಿಲ್ಲ. ಆಮೇಲೆ ಕಿರುಸಾಲದ ಕಂಪನಿಗಳು ಬಂದವು. ಅವು ಮಾಡುವ ಗುಂಪನ್ನೂ ಜನ ಸಂಘವೆಂದೇ ಕರೆಯುತ್ತಾರೆ. ಅಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹೀಗಾಗಿ ಕಷ್ಟದಲ್ಲಿರುವ ಗೆಳತಿಯ ಮನೆಯ ಮುಂದೆ ಒತ್ತಾಯಕ್ಕೆ ನಿಲ್ಲುವವರು ಅವಳ ಗುಂಪಿನವರೇ ಆಗುತ್ತಾರೆ. ಹೆಣ್ಣುಮಕ್ಕಳ ಒಗ್ಗಟ್ಟನ್ನು ವಸೂಲಿಯ ಸಾಧನವನ್ನಾಗಿ ಮಾಡಿದ್ದು ನಮ್ಮ ಕಾಲದ ದೊಡ್ಡ ಅನ್ಯಾಯಗಳಲ್ಲೊಂದು ಎಂದು ನಾನು ತಿಳಿದಿದ್ದೇನೆ.

ನಮ್ಮ ಸಂಘ ಆ ವಿಷಯವನ್ನೂ ಓದಿನ ಕಡೆಯಿಂದಲೇ ಹಿಡಿಯಿತು. ಸಾಲದ ಕಾರ್ಡುಗಳನ್ನೆಲ್ಲ ತಂದು ಜಮಖಾನೆಯ ಮೇಲೆ ಹರಡಿ ಒಂದೊಂದನ್ನೇ ಓದಿದರು. ಲೆಕ್ಕ ತಿಳಿಸಲು ನಾವೊಂದು ಉದಾಹರಣೆಯನ್ನು ಇಟ್ಟುಕೊಂಡೆವು. 30,000 ರೂಪಾಯಿ ಸಾಲ, ವಾರಕ್ಕೆ 660 ರೂಪಾಯಿಯಂತೆ 52 ಕಂತು. ಒಟ್ಟು ಕಟ್ಟುವುದು 34,320, ಅಂದರೆ ಬಡ್ಡಿ 4,320. ನೂರಕ್ಕೆ ಹದಿನಾಲ್ಕು ಚಿಲ್ಲರೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಮೊದಲ ವಾರದಿಂದಲೇ ಅಸಲು ಮರಳುತ್ತಾ ಹೋಗುವುದರಿಂದ ವರ್ಷವಿಡೀ ಕೈಯಲ್ಲಿ ಉಳಿಯುವ ಹಣ ಸರಾಸರಿ ಅರ್ಧದಷ್ಟೇ. ಆ ಅರ್ಧದ ಮೇಲೆ ನೋಡಿದರೆ ಬಡ್ಡಿ ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ಶೇ. 27ರ ಮೇಲೆ ಹೋಗುತ್ತದೆ. ಇದು ತಿಳಿದ ದಿನ ಕೂಟದಲ್ಲಿ ಬಹಳ ಹೊತ್ತು ಯಾರೂ ಏಳಲಿಲ್ಲ. ಕಟ್ಟಿದ ಕಂತುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಎಣಿಸುತ್ತಿದ್ದರು.

2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳು ಈ ಸಾಲಗಳಿಗೆ ಅನ್ವಯಿಸುತ್ತವೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬಡ್ಡಿ ಮತ್ತು ಶುಲ್ಕಗಳ ವಿವರ ಕೊಡಬೇಕು, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಬರಬಾರದು. 2025ರ ಆರಂಭದಲ್ಲಿ ಕಿರುಸಾಲದ ಕಿರುಕುಳ ಹಲವು ಜಿಲ್ಲೆಗಳಲ್ಲಿ ಜೀವಗಳನ್ನು ತೆಗೆದುಕೊಂಡಾಗ ರಾಜ್ಯ ಸರ್ಕಾರವೂ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಅದರಲ್ಲಿತ್ತು. ಸಂಘದವರು ಇವುಗಳನ್ನು ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಗೆ ಬರೆದು ಮನೆಮನೆಗೆ ಕೊಟ್ಟರು. ರಾತ್ರಿ ಎಂಟಕ್ಕೆ ಬಾಗಿಲಿಗೆ ಬಂದ ವಸೂಲಿಗಾರನಿಗೆ ಹದಿಹರೆಯದ ಮಗಳೊಬ್ಬಳು ಆ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳಿದ್ದನ್ನು ಓಣಿಯವರು ಇಂದಿಗೂ ಹೇಳುತ್ತಾರೆ. ಸಾಲವನ್ನು ಕಟ್ಟಬೇಡಿ ಎಂದು ಸಂಘ ಯಾರಿಗೂ ಹೇಳಲಿಲ್ಲ. ಓದದೆ ಹೆಬ್ಬಟ್ಟು ಒತ್ತಬೇಡಿ, ಒಂದು ಸಾಲದ ಕಂತಿಗೆ ಇನ್ನೊಂದು ಸಾಲ ಎತ್ತಬೇಡಿ ಎಂದಿತು.

ಓದದೆ ಸಹಿ ಮಾಡುವುದರಿಂದ ಆಗುವ ಅತಿ ದೊಡ್ಡ ನಷ್ಟ ಆಸ್ತಿಯದ್ದು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ, ಸೀರೆ ಉಡಿಸಿ, ಊಟ ಹಾಕಿ, ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮಲ್ಲಿ ಸಾಮಾನ್ಯ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಈ ವಿಷಯ ಕೂಟದಲ್ಲಿ ಬಂದಾಗ ನಡೆದ ಚರ್ಚೆ ನಾನು ಎಣಿಸಿದಷ್ಟು ಸರಳವಾಗಿರಲಿಲ್ಲ. ಎರಡು ಎಕರೆ ಒಣ ಹೊಲದಲ್ಲಿ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಗಂಡ ಹೊಡೆದು ಹೊರಹಾಕಿದ ರಾತ್ರಿ ಹೋಗಿ ನಿಲ್ಲಲು ಇರುವುದು ಅದೊಂದೇ ಬಾಗಿಲು ಎಂದು ಒಬ್ಬರು ಹೇಳಿದರು. ಪಾಲಿದ್ದಿದ್ದರೆ ಆ ರಾತ್ರಿ ಯಾರ ಬಾಗಿಲೂ ಬೇಕಾಗುತ್ತಿರಲಿಲ್ಲ ಎಂದು, ಗಂಡನನ್ನು ಕಳೆದುಕೊಂಡ ಇನ್ನೊಬ್ಬರು ಉತ್ತರಿಸಿದರು. ಎರಡೂ ಮಾತು ನಿಜ. ಸಂಘ ಯಾರ ಮೇಲೂ ತೀರ್ಪು ಹೇರಲಿಲ್ಲ. ಪಹಣಿಯನ್ನು ಓದುವುದು, ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡುವುದು, ಸಹಿ ಕೇಳಿದ ಕಾಗದದಲ್ಲಿ ಏನಿದೆ ಎಂದು ತಿಳಿದುಕೊಳ್ಳುವುದು ಇಷ್ಟನ್ನು ಎಲ್ಲರೂ ಕಲಿಯಬೇಕೆಂದು ಹೇಳಿತು. ಕೆಲವರು ತಿಳಿದೇ ಬಿಟ್ಟುಕೊಟ್ಟರು. ಒಬ್ಬರು ಒಂದು ಎಕರೆಯನ್ನು ತಮ್ಮ ಹೆಸರಿಗೆ ಉಳಿಸಿಕೊಂಡರು, ತಮ್ಮನೇ ಅದನ್ನು ಉತ್ತು ಬೆಳೆಯ ಪಾಲು ಕೊಡುತ್ತಿದ್ದಾನೆ. ತವರಿನ ಬಾಗಿಲೂ ಮುಚ್ಚಿಲ್ಲ.

ಕಾನೂನಿನ ನೆರವು ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಎಂಬುದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಕೌಟುಂಬಿಕ ದೌರ್ಜನ್ಯದ ದೂರನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಕೊಡಬಹುದು, ಪೊಲೀಸ್ ಠಾಣೆಯೊಂದೇ ದಾರಿಯಲ್ಲ ಎಂಬುದು ಬಹಳ ಜನರಿಗೆ ತಿಳಿದಿರಲಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತವಾದ ಮೇಲೆ ನೊಂದವಳೊಬ್ಬಳ ಜೊತೆ ನಾಲ್ಕು ಜನ ಕೊಪ್ಪಳದವರೆಗೆ ಹೋಗಿ ಬರುವುದು ಸಾಧ್ಯವಾಗಿದೆ. ಒಬ್ಬಂಟಿಯಾಗಿ ಕಚೇರಿಯ ಮುಂದೆ ನಿಲ್ಲುವುದಕ್ಕೂ ನಾಲ್ಕು ಜನರ ನಡುವೆ ನಿಲ್ಲುವುದಕ್ಕೂ ಇರುವ ಅಂತರ ಅನುಭವಿಸಿದವರಿಗೇ ಗೊತ್ತು.

ಹುಡುಗಿಯರ ಓದಿನ ವಿಷಯಕ್ಕೆ ಬಂದರೆ, ಈ ಭಾಗದಲ್ಲಿ ಅವರನ್ನು ಶಾಲೆಯಿಂದ ಹೊರಗೆಳೆಯುವ ಕಾರಣಗಳು ಮೂರು ನಾಲ್ಕು ದಿಕ್ಕಿನಿಂದ ಬರುತ್ತವೆ. ಹತ್ತಿ ಬೀಜೋತ್ಪಾದನೆಯ ಕ್ರಾಸಿಂಗ್ ಕೆಲಸ ಅವುಗಳಲ್ಲೊಂದು. ಹೂವಿನಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಈ ಕೆಲಸಕ್ಕೆ ಎಳೆಯ ಬೆರಳುಗಳೇ ಬೇಕೆಂಬ ನಂಬಿಕೆಯಿಂದ ಹುಡುಗಿಯರನ್ನು ಹೊಲಕ್ಕೆ ಕರೆಯುತ್ತಾರೆ. ಶಾಲೆ ನಡೆಯುವ ತಿಂಗಳುಗಳೇ ಅದಕ್ಕೂ ಬೇಕು. ತಂದೆತಾಯಿ ಗುಳೆ ಹೋದಾಗ ತಮ್ಮತಂಗಿಯರನ್ನು ನೋಡಿಕೊಳ್ಳಲು ಹಿರಿಯ ಮಗಳು ಶಾಲೆ ಬಿಡುತ್ತಾಳೆ. ಎಂಟನೆಯ ತರಗತಿಗೆ ಬೇರೆ ಊರಿಗೆ ನಡೆದು ಹೋಗಬೇಕೆಂದಾಗ ಮನೆಯವರು ಹಿಂಜರಿಯುತ್ತಾರೆ, ಹಿಂಜರಿದ ಮನೆಗೆ ವರನ ಕಡೆಯವರು ಬರುತ್ತಾರೆ. ಮದುವೆ ತಡೆಯುವುದು ಸಂಘದ ಕೆಲಸಗಳಲ್ಲೇ ಅತ್ಯಂತ ಕಠಿಣವಾದದ್ದು, ಏಕೆಂದರೆ ಅಲ್ಲಿ ಎದುರಿಗಿರುವುದು ಕಚೇರಿಯಲ್ಲ, ನಾಳೆ ಬೆಳಿಗ್ಗೆ ಒಂದೇ ನಲ್ಲಿಯಲ್ಲಿ ನೀರು ಹಿಡಿಯಬೇಕಾದ ನೆರೆಮನೆ. ಆದ್ದರಿಂದ ಅವರು ಮೊದಲು ಹುಡುಗಿಯ ಅವ್ವನ ಜೊತೆ ಕೂರುತ್ತಾರೆ. ಶಾಲೆಯ ದಾಖಲಾತಿಯಲ್ಲಿರುವ ಹುಟ್ಟಿದ ದಿನಾಂಕವನ್ನು ಮುಂದಿಟ್ಟು ವಯಸ್ಸನ್ನು ಎಣಿಸುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು, ಮಾಡಿಸಿದವರಿಗೂ ಕೂಡಿದವರಿಗೂ ಶಿಕ್ಷೆ ಇದೆ ಎಂದು ವಿವರಿಸುತ್ತಾರೆ. ಮಾತು ನಡೆಯದಿದ್ದರೆ ಮಾತ್ರ 1098ಕ್ಕೆ ಕರೆ ಹೋಗುತ್ತದೆ.

ಮದುವೆ ನಿಂತರೆ ಸಾಲದು, ಆ ಹುಡುಗಿ ಮರುದಿನ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರವಿರಬೇಕು. ನಿಂತ ಮದುವೆಯ ಹುಡುಗಿ ಮನೆಯಲ್ಲೇ ಕುಳಿತಿದ್ದರೆ ಆರು ತಿಂಗಳಲ್ಲಿ ದೂರದ ದೇವಸ್ಥಾನವೊಂದರಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುತ್ತಾರೆ. ಅದಕ್ಕಾಗಿ ಸಂಘದವರು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲೋ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯದಲ್ಲೋ ಸ್ಥಳವಿದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಂಡಿರುತ್ತಾರೆ. ಹೋರಾಟದ ಮಾತಾಡುವ ಎಷ್ಟೋ ಸಂಘಟನೆಗಳು ಈ ಎರಡನೆಯ ಹೆಜ್ಜೆಯನ್ನು ಮರೆಯುತ್ತವೆ.

ದೇವದಾಸಿ ತಾಯಂದಿರ ಮಕ್ಕಳ ಪ್ರಶ್ನೆಯೂ ಶಾಲೆಯ ಅರ್ಜಿಯಲ್ಲೇ ಎದುರಾಯಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು, ಆದರೆ ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಆ ತಾಯಂದಿರ ಸಂಖ್ಯೆ ದೊಡ್ಡದು. 2007–08ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 46,000ಕ್ಕೂ ಹೆಚ್ಚು ಮಂದಿಯನ್ನು ಗುರುತಿಸಲಾಗಿತ್ತು. ತಂದೆಯ ಹೆಸರು ಬರೆಯಬೇಕಾದ ಜಾಗದ ಮುಂದೆ ಪೆನ್ನು ನಿಂತು, ಮಗುವನ್ನು ವಾಪಸು ಕರೆತಂದ ತಾಯಿಯೊಬ್ಬರು ಸಂಘದಲ್ಲಿದ್ದರು. ಮುಂದಿನ ವಾರ ಐದಾರು ಹೆಂಗಸರು ಅವರೊಂದಿಗೆ ಶಾಲೆಗೆ ಹೋಗಿ ತಾಯಿಯ ಹೆಸರಿನಲ್ಲೇ ದಾಖಲಿಸಿಕೊಳ್ಳುವಂತೆ ಬರೆದು ಕೊಟ್ಟರು, ಮುಖ್ಯೋಪಾಧ್ಯಾಯರು ಒಪ್ಪಿದರು. 2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ಈ ಮಕ್ಕಳನ್ನು ತಂದೆಯ ಹೆಸರಿನ ಒತ್ತಾಯದಿಂದ ಬಿಡುಗಡೆ ಮಾಡುವ ಮಾತಾಡಿದೆ. ಆ ಸುದ್ದಿಯನ್ನು ಪತ್ರಿಕೆಯಿಂದ ಕೂಟದಲ್ಲಿ ಓದಿದವರು ಆ ತಾಯಿಯೇ.

ಕುಡಿತದ ವಿರುದ್ಧದ ಹೋರಾಟವನ್ನು ಬಿಟ್ಟರೆ ಚಿತ್ರ ಪೂರ್ತಿಯಾಗದು. 2007ರಲ್ಲಿ ಸಾರಾಯಿ ನಿಂತಿತು, ಆದರೆ ಕಿರಾಣಿ ಅಂಗಡಿಯಲ್ಲೇ ಪ್ಯಾಕೆಟ್ಟು ಸಿಗುವ ಅಕ್ರಮ ಮಾರಾಟ ಹಳ್ಳಿಗಳಲ್ಲಿ ನಿಂತಿಲ್ಲ. ರಾಯಚೂರಿನ ಹೆಣ್ಣುಮಕ್ಕಳು ಇದಕ್ಕಾಗಿ ದೀರ್ಘ ಧರಣಿ ಕುಳಿತಿದ್ದರು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದರು, ನಮ್ಮ ಸೀಮೆಯವರೂ ಅದರಲ್ಲಿದ್ದರು. ಅವರು ಕೇಳಿದ ಮದ್ಯನಿಷೇಧ ಸಿಗಲಿಲ್ಲ. ಆದರೆ ಹಿಂದಿರುಗಿದವರು ಗ್ರಾಮಸಭೆಯಲ್ಲಿ ಅಕ್ರಮ ಮಾರಾಟದ ವಿರುದ್ಧ ಠರಾವು ಬರೆಸುವುದನ್ನು ಕಲಿತು ಬಂದಿದ್ದರು, ಠರಾವಿನ ಪುಸ್ತಕದಲ್ಲಿ ತಾವು ಹೇಳಿದ್ದೇ ಬರೆಯಲಾಗಿದೆಯೇ ಎಂದು ಓದಿ ನೋಡದೆ ಸಹಿ ಮಾಡುವುದನ್ನು ಬಿಟ್ಟಿದ್ದರು. 2010ರಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ಗೆದ್ದವಳ ಕುರ್ಚಿಯಲ್ಲಿ ಗಂಡ ಕೂರುವ ಊರುಗಳು ಇನ್ನೂ ಇವೆ. ಸಭೆಯ ನೋಟಿಸನ್ನು ಸ್ವತಃ ಓದಬಲ್ಲ ಸದಸ್ಯೆಯ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ನಾನು ನಮ್ಮ ಪಂಚಾಯಿತಿಯಲ್ಲಿ ಕಂಡಿಲ್ಲ.

ಸದ್ಯಕ್ಕೆ ಸಂಘ ಹಿಡಿದಿರುವ ಕೆಲಸ ಬಸ್ಸಿನದು. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಕುಷ್ಟಗಿಯ ಕಾಲೇಜಿಗೆ ಹೋಗಬೇಕಾದರೆ ಬೆಳಿಗ್ಗೆಯ ಬಸ್ಸು ತರಗತಿ ಶುರುವಾದ ಮೇಲೆ ಮುಟ್ಟುತ್ತದೆ, ಸಂಜೆಯ ಬಸ್ಸು ಕತ್ತಲಾದ ಮೇಲೆ ಹೊರಡುತ್ತದೆ. ಅದೇ ದಾರಿಯ ಇನ್ನೂ ಮೂರು ಊರುಗಳ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು, ಯಾವ ಊರಿನಿಂದ ಎಷ್ಟು ವಿದ್ಯಾರ್ಥಿನಿಯರು, ಯಾವ ಕಾಲೇಜು, ತರಗತಿಯ ಹೊತ್ತು ಎಷ್ಟು ಎಂಬ ಪಟ್ಟಿ ಮಾಡಿ ಸಾರಿಗೆ ಘಟಕಕ್ಕೆ ಕೊಟ್ಟಿದ್ದಾರೆ. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂದಿದೆ. ಎಷ್ಟು ದಿನಗಳೊಳಗೆ ಎಂದು ಕೇಳುವ ಎರಡನೆಯ ಅರ್ಜಿಯ ಕರಡನ್ನು ಈ ಸಲ ಬರೆಯುತ್ತಿರುವವರು ತಾಂಡಾದ ಇಬ್ಬರು ಸೊಸೆಯಂದಿರು. ಒತ್ತಕ್ಷರಗಳಲ್ಲಿ ಅವರಿಗೆ ಇನ್ನೂ ತಡವರಿಕೆ ಇದೆ, ‘ವಿದ್ಯಾರ್ಥಿನಿಯರು’ ಎಂಬ ಪದವನ್ನು ಮೂರು ಸಲ ಹೊಡೆದು ಬರೆದಿದ್ದಾರೆ. ಹೆಸರು ಕೊಟ್ಟ ಹುಡುಗಿಯರೂ ಈ ವಾರದ ಕೂಟಕ್ಕೆ ಬಂದು ಸಹಿ ಮಾಡಬೇಕೆಂದು ತೀರ್ಮಾನವಾಗಿದೆ. ನಾಟಿಗೆ ಹೋದವರು ಶನಿವಾರ ರಾತ್ರಿ ಊರಿಗೆ ಮರಳುವುದರಿಂದ ಕೂಟವನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದಾರೆ, ಸೋಮವಾರ ಬೆಳಿಗ್ಗೆಯ ಅದೇ ತಡವಾದ ಬಸ್ಸಿನಲ್ಲಿ ಅರ್ಜಿ ಕುಷ್ಟಗಿಗೆ ಹೋಗುತ್ತದೆ.